ಡಬ್ಬಿಯ ಬ್ಲೂಬೆರಿ ನಮ್ಮ ಚಟ್ಟಿಯಲ್ಲಿ ಹುಟ್ಟೀತೇ?

ಹತ್ತು-ಹದಿನೈದು ವರ್ಷದ ಹಿಂದೆ ಬ್ಲೂಬೆರಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಐಸ್‌ಕ್ರೀಮ್ ಡಬ್ಬಿಯ ಮೇಲಿನ ಚಿತ್ರ ಮಾತ್ರ. ಗಲ್ಫ್‌ನಲ್ಲಿದ್ದವರು ಅಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ನೋಡಿದ್ದರು, ತಿಂದಿದ್ದರು. ಈಗ ಮಂಗಳೂರಿನ ದೊಡ್ಡ ಹಣ್ಣಿನಂಗಡಿಗಳಲ್ಲೂ 125 ಗ್ರಾಮಿನ ಪ್ಲಾಸ್ಟಿಕ್ ಡಬ್ಬಿ ಸಾಲಾಗಿ ಕೂತಿರ್ತದೆ. ಸೀಸನ್ ನೋಡಿಕೊಂಡು ಇನ್ನೂರು, ಮುನ್ನೂರು ರೂಪಾಯಿ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ತಲೆಗೆ ಹತ್ತು ಹದಿನೈದು ಹಣ್ಣು ಬಂತು, ಡಬ್ಬಿ ಖಾಲಿ.

ಆಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಇದ್ರ ಬೀಜ ಹಾಕಿದ್ರೆ ಗಿಡ ಆಗ್ತದಾ ಉಮ್ಮ?"

ಗಿಡ ಆಗ್ತದೆ, ಅದರಲ್ಲಿ ಸಂಶಯ ಬೇಡ. ಹಣ್ಣು ಆಗ್ತದಾ ಅನ್ನುವುದು ಬೇರೆ ಪ್ರಶ್ನೆ. ಈ ಎರಡರ ನಡುವೆ ಮೂರು ವರ್ಷದ ಕೆಲಸ, ಒಂದಿಷ್ಟು ಖರ್ಚು, ಬಹಳಷ್ಟು ತಾಳ್ಮೆ ಉಂಟು. ಮನೆಯಲ್ಲಿ ಕೈತೋಟ ನೋಡಿಕೊಳ್ಳುವವರು ಹೆಚ್ಚಾಗಿ ನಮ್ಮ ಹೆಂಗಸರೇ. ಆ ಖರ್ಚು, ಆ ಶ್ರಮ ಹಾಕುವ ಮೊದಲು ಎಲ್ಲ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಬೀಜದಿಂದ ಹುಟ್ಟಿದ್ದು ತಾಯಿಯ ಹಾಗೆ ಇರ್ಲಿಕ್ಕಿಲ್ಲ

ನಮ್ಮ ಜಿಲ್ಲೆಯಲ್ಲಿ ರಂಬೂಟಾನ್ ಬೆಳೆಸಿದವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. ತಿಂದ ಹಣ್ಣಿನ ಬೀಜ ಹಾಕಿ, ಆರೇಳು ವರ್ಷ ನೀರು ಹೊಯ್ದು, ಕೊನೆಗೆ ಅದು ಗಂಡು ಮರ ಅಂತ ಗೊತ್ತಾಗಿ ಕಡಿದವರು ಎಷ್ಟು ಮಂದಿ! ಆಮೇಲೆ ಎಲ್ಲರೂ ಕಸಿ ಗಿಡಕ್ಕೆ ಬಂದರು.

ಬ್ಲೂಬೆರಿಯಲ್ಲಿ ಗಂಡು, ಹೆಣ್ಣು ಅಂತ ಬೇರೆ ಗಿಡ ಇಲ್ಲ. ಆದರೆ ಅಂಗಡಿಯ ಹಣ್ಣೆಲ್ಲ ತಳಿ ಬೆರೆಸಿ ಮಾಡಿದ ಗಿಡಗಳದ್ದು. ಅದರ ಬೀಜದಿಂದ ಹುಟ್ಟಿದ ಒಂದೊಂದು ಸಸಿಯ ಗುಣವೂ ಬೇರೆ ಬೇರೆ. ಒಂದರ ಹಣ್ಣು ಸಣ್ಣದು, ಇನ್ನೊಂದರದ್ದು ಹುಳಿ, ಮತ್ತೊಂದು ಚೆನ್ನಾಗಿಯೂ ಇರಬಹುದು. ತೋಟದವರು ಯಾರೂ ಬೀಜ ಹಾಕುವುದಿಲ್ಲ, ಒಳ್ಳೆಯ ಗಿಡದ ಕಡ್ಡಿ ಬೇರು ಬರಿಸಿ ಅಥವಾ ಟಿಶ್ಯೂ ಕಲ್ಚರ್ ಮಾಡಿ ಬೆಳೆಸುತ್ತಾರೆ.

ಹಾಗಾದರೆ ಆ ಒಳ್ಳೆಯ ಗಿಡ ಮೊದಲು ಬಂದದ್ದೆಲ್ಲಿಂದ? ಅದರ ಹಿಂದೆ ಒಬ್ಬ ಮಹಿಳೆಯ ಕಥೆ ಉಂಟು.

ಕಾಡಿನಿಂದ ತೋಟಕ್ಕೆ ತಂದ ಎಲಿಜಬೆತ್ ವೈಟ್

ಬ್ಲೂಬೆರಿ ಉತ್ತರ ಅಮೆರಿಕದ ಕಾಡುಹಣ್ಣು. ಅಲ್ಲಿನ ಮೂಲನಿವಾಸಿಗಳು ತಲೆಮಾರುಗಳಿಂದ ಕಾಡಿನಲ್ಲೇ ಕೊಯ್ದು ತಿನ್ನುತ್ತಿದ್ದರು, ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಮನೆ ಹತ್ತಿರ ತಂದು ನೆಟ್ಟವರ ಗಿಡ ಮಾತ್ರ ಬದುಕುತ್ತಿರಲಿಲ್ಲ. ಒಳ್ಳೆಯ ಗೊಬ್ಬರ, ಒಳ್ಳೆಯ ಮಣ್ಣು ಕೊಟ್ಟಷ್ಟೂ ಸಾಯುತ್ತಿತ್ತು.

ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಇದಕ್ಕೆ ಕಾರಣ ಹುಡುಕಿದರು. ಬೇರೆ ಬೆಳೆಗಳಿಗೆ ಆಗದಂತಹ ಹುಳಿ ಮಣ್ಣೇ ಬ್ಲೂಬೆರಿಗೆ ಬೇಕು ಎಂದು 1910ರಲ್ಲಿ ಅವರು ವರದಿ ಪ್ರಕಟಿಸಿದರು. ನ್ಯೂಜೆರ್ಸಿಯ ವೈಟ್ಸ್‌ಬಾಗ್ ಎಂಬಲ್ಲಿ ಕ್ರ್ಯಾನ್‌ಬೆರಿ ತೋಟ ನೋಡಿಕೊಳ್ಳುತ್ತಿದ್ದ ಎಲಿಜಬೆತ್ ವೈಟ್ ಆ ವರದಿ ಓದಿ, 1911ರಲ್ಲಿ ಅವರಿಗೆ ಪತ್ರ ಬರೆದರು. ನಮ್ಮ ಜಾಗದಲ್ಲೇ ಪ್ರಯೋಗ ಮಾಡೋಣ ಬನ್ನಿ ಅಂದರು.

ಆಕೆ ಮಾಡಿದ ಕೆಲಸ ಕೇಳಿ. ಸುತ್ತಮುತ್ತಲ ಕಾಡಿನಲ್ಲಿ ಹಣ್ಣು ಕೊಯ್ಯುವವರ ಕೈಗೆ ಸುಮಾರು 16 ಮಿಲಿಮೀಟರ್ ತೂತಿನ ಒಂದು ಅಳತೆಪಟ್ಟಿ ಕೊಟ್ಟರು. ಆ ತೂತಿನಲ್ಲಿ ತೂರದಷ್ಟು ದೊಡ್ಡ ಹಣ್ಣು ಬಿಡುವ ಪೊದೆ ತೋರಿಸಿದರೆ ಹಣ ಕೊಡುತ್ತೇನೆ ಅಂದರು. ಸಿಕ್ಕಿದ ಪೊದೆಗೆ ಹುಡುಕಿದವನ ಹೆಸರನ್ನೇ ಇಟ್ಟರು. ರೂಬ್ ಲೀಕ್ ಎಂಬವನು ತೋರಿಸಿದ ಪೊದೆ 'ರೂಬೆಲ್' ಆಯಿತು. ಲೀಕ್ ಅಂದರೆ ಇಂಗ್ಲಿಷಿನಲ್ಲಿ ಈರುಳ್ಳಿ ಜಾತಿಯ ತರಕಾರಿ, ಹಣ್ಣಿಗೆ ಆ ಹೆಸರು ಚೆಂದ ಕಾಣದು ಅಂತ ಅವನ ಮೊದಲ ಹೆಸರಿಗೆ ಎರಡನೆಯದರ ಒಂದಕ್ಷರ ಮಾತ್ರ ಸೇರಿಸಿದರು. ಆ ತಳಿ ಇವತ್ತಿಗೂ ಉಂಟು.

ಅಂತಹ ಪೊದೆಗಳನ್ನು ಕೊವಿಲ್ ಒಂದಕ್ಕೊಂದು ಬೆರೆಸಿ, ಬೀಜ ತೆಗೆದು, ಸಾವಿರಾರು ಸಸಿ ಬೆಳೆಸಿದರು. ಅವುಗಳಲ್ಲಿ ಕೆಲವೇ ಕೆಲವನ್ನು ಉಳಿಸಿಕೊಂಡರು. 1916ರಲ್ಲಿ ವೈಟ್ಸ್‌ಬಾಗ್‌ನ ಮೊದಲ ಬೆಳೆ ಪೇಟೆಗೆ ಹೋಯಿತು. ಇವತ್ತು ಜಗತ್ತಿನಲ್ಲಿ ಬೆಳೆಯುವ ಬ್ಲೂಬೆರಿಯ ಬಹುಪಾಲು ಅಲ್ಲಿಂದ ಶುರುವಾದ ಕೆಲಸದ ಫಲ. ಬೀಜದಿಂದ ಬೆಳೆಸುವುದು ಅಂದರೆ ಲಾಟರಿ ಇದ್ದ ಹಾಗೆ. ಅವರ ಹತ್ತಿರ ಸಾವಿರಾರು ಟಿಕೆಟ್ ಇತ್ತು, ನಮ್ಮ ಕಿಟಕಿಯಲ್ಲಿ ಹತ್ತೋ ಇಪ್ಪತ್ತೋ.

ಚಳಿಯ ಲೆಕ್ಕ

ಇನ್ನೊಂದು ತೊಡಕು ನಮ್ಮ ಹವೆ. ಉತ್ತರದ ಬ್ಲೂಬೆರಿ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. 7 ಡಿಗ್ರಿಗಿಂತ ತಣ್ಣಗಿನ ಹವೆ ಒಟ್ಟು 800ರಿಂದ 1,000 ಗಂಟೆ ಸಿಕ್ಕಿದರೆ ಮಾತ್ರ ಸರಿಯಾಗಿ ಎದ್ದು ಹೂ ಬಿಡುತ್ತದೆ. ಮಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲೂ ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು. 7 ಡಿಗ್ರಿಯ ಲೆಕ್ಕದಲ್ಲಿ ನಮ್ಮದು ಸೊನ್ನೆ ಗಂಟೆ. ಆ ಜಾತಿಯ ಗಿಡ ಇಲ್ಲಿ ಎಲೆ ಬಿಟ್ಟೀತು, ಹಣ್ಣು ಬಿಡ್ಲಿಕ್ಕಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಆಗ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಫ್ಲಾರಿಡಾದ ಕಾಡಿನಲ್ಲಿ ವರ್ಷವಿಡೀ ಹಸಿರಾಗಿರುವ, ಸೆಖೆ ತಡೆಯುವ ಒಂದು ಸಣ್ಣ ಬ್ಲೂಬೆರಿ ಜಾತಿ ಉಂಟು. ಫ್ಲಾರಿಡಾ ವಿಶ್ವವಿದ್ಯಾಲಯದ ರಾಲ್ಫ್ ಶಾರ್ಪ್ ಅದನ್ನು ಉತ್ತರದ ದೊಡ್ಡ ಹಣ್ಣಿನ ಜಾತಿಯೊಂದಿಗೆ ಬೆರೆಸಿದರು. 1970ರ ದಶಕದಲ್ಲಿ ಬಂದ 'ಶಾರ್ಪ್‌ಬ್ಲೂ' ತಳಿ ಈ ಕೆಲಸದ್ದು. ಅಮೆರಿಕದ ಕೃಷಿ ಇಲಾಖೆ 1998ರಲ್ಲಿ ಬಿಡುಗಡೆ ಮಾಡಿದ 'ಬಿಲಾಕ್ಸಿ'ಗೂ ಚಳಿ ಬೇಕಾದದ್ದು ಬಹಳ ಕಡಿಮೆ.

ಈ ಬಿಲಾಕ್ಸಿಯನ್ನೇ ನೆಚ್ಚಿಕೊಂಡು ಪೆರು ದೇಶ ತನ್ನ ಕರಾವಳಿಯ ಮರಳುಗಾಡಿನಲ್ಲಿ ಬ್ಲೂಬೆರಿ ಬೆಳೆಸಿತು. ಸುಮಾರು ಹತ್ತು ವರ್ಷಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ರಫ್ತು ಮಾಡುವ ದೇಶ ಆಯಿತು. ಅಲ್ಲಿ ಗಿಡ ಮಲಗುವುದೇ ಇಲ್ಲ, ಹಸಿರೆಲೆ ಇಟ್ಟುಕೊಂಡೇ ಹಣ್ಣು ಕೊಡುತ್ತದೆ. ಹಾಗಾದರೆ ನಮ್ಮ ಕರಾವಳಿಯಲ್ಲಿ ಯಾಕಾಗದು ಅಂತ ಕೇಳಬಹುದು. ಪೆರುವಿನ ಬದಿಯಲ್ಲಿ ಹರಿಯುವುದು ತಣ್ಣಗಿನ ಸಮುದ್ರ ಪ್ರವಾಹ. ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು, ರಾತ್ರಿಗಳೂ ತಂಪು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ, ಏಪ್ರಿಲ್‌ನಲ್ಲಿ ರಾತ್ರಿಯೂ ಬೆವರು.

ಹಾಗಾಗಿ ಬೀಜ ತೆಗೆಯುವ ಮೊದಲು ಡಬ್ಬಿಯ ಚೀಟಿ ಓದಿ. ಯಾವ ದೇಶದ್ದು ಅಂತ ಬರೆದಿರ್ತದೆ. ಪೆರು, ಮೊರೊಕ್ಕೊದ ಹಣ್ಣಾದರೆ ಅದು ಕಡಿಮೆ ಚಳಿಯ ತಳಿಯದ್ದಾಗಿರುವ ಸಾಧ್ಯತೆ ಹೆಚ್ಚು. ಅದರ ಬೀಜಕ್ಕೆ ನಮ್ಮಲ್ಲಿ ಸ್ವಲ್ಪವಾದರೂ ಅವಕಾಶ ಉಂಟು. ಘಟ್ಟದ ಮೇಲೆ, ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಇರುವ ನಮ್ಮವರಿಗೆ ಅವಕಾಶ ಇನ್ನೂ ಹೆಚ್ಚು. ಕಾಫಿ ತೋಟದ ಮಣ್ಣು ಹುಳಿ, ರಾತ್ರಿ ತಂಪು.

ಬೀಜ ತೆಗೆಯುವುದು, ಹಾಕುವುದು

ಒಣಗಿಸಿದ ಬ್ಲೂಬೆರಿ, ಜಾಮ್ ಇವುಗಳ ಬೀಜ ನಂಬಬೇಡಿ, ಬಿಸಿ ತಾಗಿರ್ತದೆ. ತಾಜಾ ಹಣ್ಣು ಬೇಕು. ಫ್ರೀಜರಿನ ಪ್ಯಾಕೆಟ್ ಹಣ್ಣೂ ಆದೀತು.

ಮೊದಲು ಚೆನ್ನಾಗಿ ಹಣ್ಣಾದ ಹತ್ತು ಹದಿನೈದು ಬ್ಲೂಬೆರಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ 90 ದಿನ ಇಡಿ. ಡಬ್ಬಿಯ ಮೇಲೆ ತಾರೀಕು ಬರೆದು ಅಂಟಿಸಿ, ಇಲ್ಲವಾದರೆ ಯಾರಾದರೂ ಜ್ಯೂಸ್ ಮಾಡಿ ಕುಡಿದಾರು. ಕಾಡಿನಲ್ಲಿ ಬೀಜಕ್ಕೆ ಸಿಗುತ್ತಿದ್ದ ಚಳಿಗಾಲವನ್ನು ನಾವು ಫ್ರೀಜರಿನಲ್ಲಿ ಕೊಡುವುದು ಅಷ್ಟೆ. ಕಡಿಮೆ ಚಳಿಯ ತಳಿಗಳ ಬೀಜ ಇಷ್ಟು ಕೇಳದಿದ್ದರೂ ಇದರಿಂದ ನಷ್ಟ ಇಲ್ಲ.

ಆಮೇಲೆ ಹಣ್ಣನ್ನು ಹೊರಗಿಟ್ಟು ಮೆತ್ತಗಾದ ಮೇಲೆ ಒಂದು ಪಾತ್ರೆ ನೀರಿನಲ್ಲಿ ಕೈಯಿಂದ ಚೆನ್ನಾಗಿ ಹಿಸುಕಿ. ಐದು ನಿಮಿಷ ಬಿಡಿ. ತಿರುಳು ಮೇಲೆ ತೇಲುತ್ತದೆ, ಒಳ್ಳೆಯ ಬೀಜ ತಳಕ್ಕೆ ಇಳಿಯುತ್ತದೆ. ಮೇಲಿನ ನೀರನ್ನು ಮೆಲ್ಲ ಬಗ್ಗಿಸಿ, ಹೊಸ ನೀರು ಹಾಕಿ, ಮೂರು ನಾಲ್ಕು ಸಲ ಹೀಗೇ ಮಾಡಿ. ತಳದಲ್ಲಿ ಉಳಿದ ಕಂದು ಬಣ್ಣದ, ಸಾಸಿವೆಗಿಂತ ಸಣ್ಣ ಚೂರುಗಳೇ ಬೀಜ. ಒಂದೊಂದು ಹಣ್ಣಲ್ಲೂ ಹತ್ತಾರು ಇರ್ತದೆ. ಪೇಪರ್ ಮೇಲೆ ಹರಡಿ ನೆರಳಲ್ಲಿ ಆರಿಸಿ.

ಬಿತ್ತಲಿಕ್ಕೆ ಮೂರು ಇಂಚು ಆಳದ ಟ್ರೇ ಸಾಕು. ಅಮೆರಿಕದಲ್ಲಿ ಪೀಟ್ ಮಾಸ್ ಎಂಬ ಪಾಚಿಯ ಪುಡಿಯಲ್ಲಿ ಬಿತ್ತುತ್ತಾರೆ. ದೊಡ್ಡ ನರ್ಸರಿಗಳಲ್ಲಿ ಸಿಕ್ಕಿದರೆ ಬೀಜದ ಟ್ರೇಗೆ ಬೇಕಾದಷ್ಟು ಮಾತ್ರ ತನ್ನಿ. ಸಿಗದಿದ್ದರೆ ತೆಂಗಿನ ನಾರಿನ ಕೊಕೊಪೀಟ್. ಆದರೆ ಅದರಲ್ಲಿ ಉಪ್ಪಿನಂಶ ಇರ್ತದೆ, ಒಳ್ಳೆಯ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು ಹಿಂಡಿಯೇ ಬಳಸಿ. ಬೀಜವನ್ನು ಮೇಲಿನಿಂದ ಉದುರಿಸಿ, ಕಾಣಿಸೀತೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಪುಡಿ ಮುಚ್ಚಿ. ಇದರ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಆಳಕ್ಕೆ ಹಾಕಿದರೆ ಅಲ್ಲೇ ಉಳೀತದೆ. ನೀರು ಸ್ಪ್ರೇ ಬಾಟಲಿಯಲ್ಲೇ ಕೊಡಿ.

ಮನೆಯಲ್ಲಿ ಅತ್ಯಂತ ತಂಪಾದ, ಬೆಳಕಿರುವ ಜಾಗ ಹುಡುಕಿ. ಬೀಜಕ್ಕೆ ಇಷ್ಟವಾದದ್ದು 15ರಿಂದ 21 ಡಿಗ್ರಿ. ನಮ್ಮಲ್ಲಿ ಅಷ್ಟು ಸಿಗುವುದು ಕಷ್ಟ, ಹಾಗಾಗಿ ಮೊಳಕೆ ಒಂದೇ ಸಲಕ್ಕೆ ಬರುವುದಿಲ್ಲ. ಒಂದು ತಿಂಗಳಿಗೆ ನಾಲ್ಕು, ಇನ್ನೊಂದು ತಿಂಗಳಿಗೆ ಆರು, ಹೀಗೆ ಬರ್ತಾ ಇರ್ತದೆ. ಬರಲಿಲ್ಲ ಅಂತ ಟ್ರೇ ಎಸೆಯಬೇಡಿ.

ಎಲ್ಲಕ್ಕಿಂತ ಮುಖ್ಯ, ಮಳೆಗಾಲದಲ್ಲಿ ಬಿತ್ತಬೇಡಿ. ಆ ತೇವಕ್ಕೆ ಎಳೆ ಮೊಳಕೆ ಬುಡದಲ್ಲೇ ಕೊಳೀತದೆ. ಆಗಸ್ಟ್‌ನಲ್ಲಿ ಹಣ್ಣು ಫ್ರೀಜರಿಗೆ ಹೋದರೆ ನವೆಂಬರ್‌ನಲ್ಲಿ ಹೊರಗೆ ಬರ್ತದೆ. ಮಳೆ ನಿಂತಿರ್ತದೆ, ರಾತ್ರಿಯೂ ಸ್ವಲ್ಪ ತಂಪು. ಆ ಲೆಕ್ಕ ಸರಿ ಹೊಂದುತ್ತದೆ.

ನಾವು ಪ್ರೀತಿಯಿಂದ ಹಾಕುವುದೇ ಅದಕ್ಕೆ ವಿಷ

ಸಸಿ ಎರಡು ಮೂರು ಇಂಚು ಬೆಳೆದ ಮೇಲೆ ಸಣ್ಣ ಚಟ್ಟಿಗೆ ಬದಲಿಸಿ. ಮೂರನೇ ಒಂದು ಪಾಲು ಪೀಟ್ ಅಥವಾ ತೊಳೆದ ಕೊಕೊಪೀಟ್, ಒಂದು ಪಾಲು ಹೊಳೆಮರಳು, ಒಂದು ಪಾಲು ಮಣ್ಣು. ಸಮುದ್ರದ ಮರಳು ಬೇಡ, ಉಪ್ಪು ಇರ್ತದೆ.

ಬ್ಲೂಬೆರಿಗೆ ಬೇಕಾದ ಮಣ್ಣಿನ ಪಿಎಚ್ 4.5ರಿಂದ 5.5. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಸಹಜವಾಗಿಯೇ ಹುಳಿ. ಈ ಒಂದು ವಿಷಯದಲ್ಲಿ ನಾವು ಅದೃಷ್ಟವಂತರು. ಗುಡ್ಡದ ಬದಿಯಲ್ಲಿ ನೆಕ್ಕರೆ ಗಿಡ ಬೆಳೆಯುವ ಜಾಗದ ಮಣ್ಣು ತಂದರೆ ಒಳ್ಳೆಯದು, ಅದು ಹುಳಿ ಮಣ್ಣು ಇಷ್ಟಪಡುವ ಗಿಡ. ಖಚಿತ ತಿಳಿಯಬೇಕಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.

ತೊಂದರೆ ಬರುವುದು ಆಮೇಲೆ. ಮಲ್ಲಿಗೆ, ಬೇವಿನ ಸೊಪ್ಪು, ಬಸಳೆಗೆ ನಾವು ಹಾಕುವ ಒಲೆ ಬೂದಿ, ಮೊಟ್ಟೆ ಸಿಪ್ಪೆ, ಸುಣ್ಣ ಇವೆಲ್ಲ ಮಣ್ಣಿನ ಹುಳಿ ಕಳೆಯುತ್ತವೆ. ಮೀನು ತೊಳೆದ ನೀರಿನಲ್ಲಿ ಉಪ್ಪು ಇರ್ತದೆ. ಸಿಮೆಂಟ್ ಚಟ್ಟಿಯಿಂದಲೂ ಸುಣ್ಣದ ಅಂಶ ಇಳೀತದೆ. ಮಲ್ಲಿಗೆಗೆ ಆದದ್ದು ಬ್ಲೂಬೆರಿಗೆ ಆಗ್ಲಿಕ್ಕಿಲ್ಲ. ಎಲೆಯ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಮಣ್ಣಿನ ಹುಳಿ ಕಡಿಮೆಯಾಗಿದೆ, ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಆಗ ಗೊಬ್ಬರ ಹೆಚ್ಚು ಹಾಕಿದರೆ ಇನ್ನೂ ಬೇಗ ಸಾಯ್ತದೆ.

ನೀರಿನ ವಿಷಯವೂ ಹಾಗೆಯೇ. ಸುಣ್ಣದಂಶ ಇರುವ ಬೋರ್‌ವೆಲ್ ನೀರು ದಿನಾ ಹಾಕಿದರೆ ಹುಳಿ ಮಣ್ಣು ಮೆಲ್ಲಮೆಲ್ಲನೆ ಸಪ್ಪೆ ಆಗ್ತದೆ. ಸಮುದ್ರದ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರುವುದು ನಮಗೆಲ್ಲ ಗೊತ್ತುಂಟು. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಇದರ ಬೇರು ತೆಳ್ಳಗೆ, ಮೇಲ್ಮೇಲೆಯೇ ಹರಡುತ್ತದೆ. ಬೇರೆ ಗಿಡಗಳಿಗಿರುವ ಬೇರುಕೂದಲು ಇದಕ್ಕಿಲ್ಲ. ಒಣಗಿದರೂ ಸಾಯ್ತದೆ, ನೀರು ನಿಂತರೂ ಕೊಳೀತದೆ. ಮಣ್ಣಿನ ಮೇಲೆ ಮರದ ಹೊಟ್ಟೋ ತರಗೆಲೆಯೋ ಎರಡು ಇಂಚು ಹರಡಿ. ಗೊಬ್ಬರ ಬೇಕಾದರೆ ಅಮೋನಿಯಂ ಸಲ್ಫೇಟ್ ಒಂದು ಚಿಟಿಕೆ ನೀರಿನಲ್ಲಿ ಕರಗಿಸಿ ಯಾವಾಗಲಾದರೊಮ್ಮೆ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಬೇಕು. ಜೂನ್ ಬಂದ ಕೂಡಲೇ ಚಟ್ಟಿ ಸೂರಿನ ಅಡಿಗೆ.

ಎಲ್ಲ ಸರಿಯಾದರೆ ಮೂರನೇ ವರ್ಷಕ್ಕೆ ಹೂ ಕಾಣಬಹುದು. ಕೆಳಗೆ ಬಾಗಿದ ಪುಟ್ಟ ಬಿಳಿ ಗಂಟೆಯ ಹಾಗಿನ ಹೂ. ಒಂದೇ ಗಿಡ ಇದ್ದರೆ ಕಾಯಿ ಕಡಿಮೆ, ಎರಡು ಮೂರು ಬೇರೆ ಬೇರೆ ಸಸಿ ಇದ್ದರೆ ಒಳ್ಳೆಯದು. ಬೀಜದ ಗಿಡದಲ್ಲಿ ಈ ಲಾಭ ತಾನಾಗಿಯೇ ಸಿಗುತ್ತದೆ, ಯಾಕೆಂದರೆ ಒಂದರ ಹಾಗೆ ಇನ್ನೊಂದಿಲ್ಲ.

ಹಣ ಕಳೆದುಕೊಳ್ಳುವ ದಾರಿಗಳು

ಆನ್‌ಲೈನ್‌ನಲ್ಲಿ ಬ್ಲೂಬೆರಿ ಬೀಜದ ಪ್ಯಾಕೆಟ್ ಬರ್ತದೆ. ಚಿತ್ರದಲ್ಲಿ ಚಟ್ಟಿ ತುಂಬ ನೀಲಿ ಹಣ್ಣು. ಬೀಜವೇ ನೀಲಿ ಬಣ್ಣದ್ದಾಗಿದ್ದರೆ, ಸಾಸಿವೆಗಿಂತ ದೊಡ್ಡದಾಗಿದ್ದರೆ ಅದು ಬ್ಲೂಬೆರಿ ಬೀಜ ಅಲ್ಲವೇ ಅಲ್ಲ. ಡಬ್ಬಿಯ ಹಣ್ಣು ತಿಂದು ಬೀಜ ತೆಗೆದರೆ ಹಣ್ಣಂತೂ ಹೊಟ್ಟೆಗೆ ಹೋಯ್ತು ಅಂತ ಸಮಾಧಾನ ಆದರೂ ಇರ್ತದೆ.

ಗಿಡ ಕೊಳ್ಳುವುದಾದರೆ ತಳಿಯ ಹೆಸರು ಕೇಳಿ. ಬಿಲಾಕ್ಸಿ, ಮಿಸ್ಟಿ, ಶಾರ್ಪ್‌ಬ್ಲೂ ಮುಂತಾದ ಹೆಸರು ಹೇಳಿದರೆ ಯೋಚಿಸಬಹುದು. "ಬ್ಲೂಬೆರಿ ಅಂದ್ರೆ ಬ್ಲೂಬೆರಿ, ಇದ್ರಲ್ಲಿ ತಳಿ ಎಂತ?" ಅಂದರೆ ಹಣ ಕಿಸೆಯಲ್ಲೇ ಇರಲಿ.

ಊರಿಗೆ ಬರುವವರ ಹತ್ತಿರ ಗಿಡ, ಬಿತ್ತುವ ಬೀಜ ತರ್ಲಿಕ್ಕೆ ಹೇಳಬೇಡಿ. ಹೊರದೇಶದಿಂದ ನೆಡುವ ಗಿಡ, ಬೀಜ ತರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಪರವಾನಗಿ ಪಡೆಯಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ರಜೆಗೆ ಬರುವ ಹುಡುಗನನ್ನು ಏರ್‌ಪೋರ್ಟಿನಲ್ಲಿ ನಿಲ್ಲಿಸುವ ಹಾಗೆ ಮಾಡುವುದು ಬೇಡ. ಹೊರಗಿನ ಗಿಡದ ಜೊತೆ ಬಂದ ರೋಗ ನಮ್ಮ ತೋಟಗಳಿಗೆ ಹರಡಿದರೆ ಅದು ಇನ್ನೂ ದೊಡ್ಡ ನಷ್ಟ.

ಬ್ಲೂಬೆರಿ ತಿಂದ್ರೆ ಶುಗರ್ ಹೋಗ್ತದೆ, ಕಣ್ಣು ಸರಿ ಆಗ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನೂ ನಂಬಿ ಕೂರಬೇಡಿ. ಹಣ್ಣು ಒಳ್ಳೆಯದೇ, ಮದ್ದು ಅಲ್ಲ. 100 ಗ್ರಾಂ ಬ್ಲೂಬೆರಿಯಲ್ಲಿ ಸಿ ವಿಟಮಿನ್ ಸುಮಾರು 10 ಮಿಲಿಗ್ರಾಂ. ಹಿತ್ತಲಿನ ಪೇರಳೆಯಲ್ಲಿ ಅದು 200 ಮಿಲಿಗ್ರಾಂ ದಾಟುತ್ತದೆ. ಬ್ಲೂಬೆರಿಗೆ ನೀಲಿ ಕೊಡುವ ಆಂಥೋಸಯನಿನ್ ಬಣ್ಣಗಳು ನಮ್ಮ ನೇರಳೆ ಹಣ್ಣಲ್ಲೂ ಉಂಟು. ಗುಡ್ಡದಲ್ಲಿ ಕುಂಟಲ ಹಣ್ಣು ತಿಂದು ನಾಲಗೆ ನೀಲಿ ಮಾಡಿಕೊಂಡು ಬಂದ ಹಿಂದಿನ ಮಕ್ಕಳಿಗೆ ಆ ಬಣ್ಣ ಹೊಸತೇನಲ್ಲ.

ಹಾಕಬೇಕಾ, ಬೇಡವಾ?

ಹಣ್ಣಿನ ಆಸೆ ಒಂದೇ ಆದರೆ, ಕರಾವಳಿಯಲ್ಲಿರುವವರು ಬ್ಲೂಬೆರಿಗೆ ದೊಡ್ಡ ಖರ್ಚು ಮಾಡುವುದು ಬೇಡ. ದೊಡ್ಡ ಚಟ್ಟಿ, ಪೀಟ್ ಮೂಟೆ, ನೆರಳು ಬಲೆ ಎಲ್ಲ ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಅದೇ ಚಟ್ಟಿಗೆ ಹಿಪ್ಪುನೇರಳೆಯ ಒಂದು ಕಡ್ಡಿ ಚುಚ್ಚಿದರೆ ಒಂದೆರಡು ವರ್ಷದೊಳಗೆ ಕಪ್ಪು ಹಣ್ಣು ತಿನ್ನಬಹುದು, ಬೂದಿ ಹಾಕಿದರೂ ಮುನಿಸಿಕೊಳ್ಳುವ ಗಿಡ ಅಲ್ಲ ಅದು.

ಆದರೆ ಮಕ್ಕಳ ಕೈಯಲ್ಲಿ ಮಾಡಿಸುವ ಕೆಲಸ ಅಂತ ನೋಡಿದರೆ ಬ್ಲೂಬೆರಿ ಬೀಜ ಬೇರೆಯೇ. ಖರ್ಚು ಅಂದರೆ ತಿಂದ ಡಬ್ಬಿಯಿಂದ ಎತ್ತಿಟ್ಟ ಹತ್ತು ಹಣ್ಣು, ಒಂದು ಟ್ರೇ. ಫ್ರೀಜರಿನಲ್ಲಿ ಯಾಕೆ ಇಡಬೇಕು, ಬೀಜ ಯಾಕೆ ಮುಳುಗ್ತದೆ, ಮಣ್ಣು ಹುಳಿ ಅಂದ್ರೆ ಎಂತ ಅಂತ ಮಗು ಕೇಳುವ ಒಂದೊಂದು ಪ್ರಶ್ನೆಗೂ ಒಂದೊಂದು ಪಾಠ ಉಂಟು. ಆ ಕುತೂಹಲಕ್ಕೆ ಅಂಗಡಿಯಲ್ಲಿ ಡಬ್ಬಿ ಸಿಗುವುದಿಲ್ಲ. ಹಣ್ಣು ಖಂಡಿತ ಆಗ್ತದೆ ಅಂತ ಮಾತ್ರ ಮಾತು ಕೊಡಬೇಡಿ. ಆದರೂ ಆದೀತು, ನೋಡುವ ಅನ್ನಿ. ಘಟ್ಟದ ಮೇಲೆ ಸಂಬಂಧಿಕರಿದ್ದರೆ ಮೊಳೆತ ಸಸಿಗಳಲ್ಲಿ ಅರ್ಧ ಅವರಿಗೂ ಕೊಡಿ. ಯಾರ ಚಟ್ಟಿಯಲ್ಲಿ ಮೊದಲು ಹೂ ಬರ್ತದೆ ಅಂತ ಮಕ್ಕಳು ಫೋನಿನಲ್ಲಿ ವಿಚಾರಿಸಿಕೊಳ್ಳಲಿ.